ಮೋಡದ ಕೆಳಗಿನ ಕೊಳ್ಳ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕಾಲೇಜಿನಲ್ಲಿ ನಾವೆಲ್ಲ ಮೇಜರ್ ಸಾಹೇಬರು ಎನ್ನುತ್ತಿದ್ದೆವು. ಹಿಂದವಾಡಿಯಲ್ಲಿ ಅವರು ಬಾಡಿಗೆಗಿದ್ದ ಮನೆಯ ಮಾಲೀಕರೂ, ಹಾಲು ಹಾಕುವವನೂ ಹಾಗೆಯೇ ಕರೆಯುತ್ತಿದ್ದರು. ಅದೇ ಸಾಕು.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುವವಳು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಉಪಗ್ರಹ ಚಿತ್ರಗಳನ್ನು ಓದುವ ಕೋರ್ಸು ಶುರುವಾಯಿತು. ಅದನ್ನು ಕಲಿಸಲು ಪ್ರಾಂಶುಪಾಲರು ಸೈನ್ಯದಿಂದ ನಿವೃತ್ತರಾದ ಇವರನ್ನು ಹುಡುಕಿ ಕರೆತಂದರು. ಸೈನ್ಯದಲ್ಲಿ ಅವರ ಕೆಲಸ ಅದೇ ಆಗಿತ್ತು. ದೇಶದ ರಕ್ಷಣೆಗೆಂದು ಆಕಾಶದಲ್ಲಿ ಇಟ್ಟ ಉಪಗ್ರಹಗಳು ಕಳಿಸುವ ಚಿತ್ರಗಳನ್ನು ಒಂದು ಕೋಣೆಯಲ್ಲಿ ಕೂತು ನೋಡುವುದು, ನೆಲದ ಮೇಲೆ ಏನಿದೆ ಎಂದು ಹೇಳುವುದು. ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ, "ನಾ ಬಂದೂಕ ಹಿಡದಾವ ಅಲ್ರಿ ಬಾಯಾರ, ಭೂತಗನ್ನಡಿ ಹಿಡದಾವ" ಎಂದು ನಕ್ಕಿದ್ದರು. ಕಲಿಸುವ ಹೆಂಗಸರನ್ನು ಬಾಯಾರ ಎಂದು ಕರೆಯುವುದು ನಮ್ಮ ಕಡೆಯ ಹಳೆಯ ರೂಢಿ. ಕಾಲೇಜಿನಲ್ಲಿ ಉಳಿದವರೆಲ್ಲ ಮೇಡಂ ಎನ್ನುವಾಗ ಅವರೊಬ್ಬರು ಕೊನೆಯತನಕ ಬಾಯಾರ ಎಂದರು.

ಅವರ ಪಾಠದಲ್ಲಿ ಒಂದು ಶಬ್ದಕ್ಕೆ ಪ್ರವೇಶವಿರಲಿಲ್ಲ. 'ಈ ಭಾಗದಲ್ಲಿ ಕಟ್ಟಡಗಳು ಇಲ್ಲ' ಎಂದು ಯಾವ ಹುಡುಗಿಯಾದರೂ ಬರೆದರೆ ಆ 'ಇಲ್ಲ'ವನ್ನು ಹೊಡೆದು ಹಾಕುತ್ತಿದ್ದರು. ಇಲ್ಲ ಅಂತ ನಿನಗ ಹೆಂಗ ಗೊತ್ತು, ಕಾಣಾಕತ್ತಿಲ್ಲ ಅಂತ ಬರಿ, ಎನ್ನುತ್ತಿದ್ದರು. ಮರದ ಕೆಳಗೆ ಮನೆ ಇರಬಹುದು, ನೆರಳಿನಲ್ಲಿ ಇರಬಹುದು, ನಿನ್ನೆ ಕಟ್ಟಿರಬಹುದು. ಹುಡುಗರು ಇದನ್ನು ತಮಾಷೆ ಮಾಡಿಕೊಂಡರು. ಕ್ಯಾಂಟೀನಿನಲ್ಲಿ ಚಹಾ ತೀರಿದರೆ 'ಚಹಾ ಕಾಣಾಕತ್ತಿಲ್ಲ' ಎಂದು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಅವರ ಕಿವಿಗೂ ಅದು ಬಿದ್ದಿತ್ತು. ಬೇಸರ ಮಾಡಿಕೊಳ್ಳಲಿಲ್ಲ.

ಸಂತೆಯಲ್ಲೂ ಅವರು ಹಾಗೆಯೇ. ಒಮ್ಮೆ ನಾವಿಬ್ಬರೂ ಕಾಲೇಜಿನಿಂದ ಹೋಗುವಾಗ ಕಲ್ಲಂಗಡಿ ಗಾಡಿಯ ಮುಂದೆ ನಿಂತರು. ಸಿಹಿ ಐತೇನು ಎಂದು ಕೇಳಿದರು. ಮಾರುವವನು, "ಹೊರಗಿಂದ ಹೆಂಗ ಹೇಳ್ಲಿ ಸಾಹೇಬ್ರ, ಕೊಯ್ದ ನೋಡಬೇಕು" ಎಂದ. ಆ ಉತ್ತರಕ್ಕೆ ಅವರ ಮುಖ ಎಷ್ಟು ಅರಳಿತೆಂದರೆ, ಕೊಯ್ಯಿಸದೆ ಎರಡು ಹಣ್ಣು ಕೊಂಡರು. ಒಂದನ್ನು ನನ್ನ ಕೈಗೆ ಕೊಟ್ಟರು. ಮನೆಗೆ ಹೋಗಿ ಕೊಯ್ದರೆ ಅದು ಸಪ್ಪೆ.

ಉಪಗ್ರಹ ಹಾರಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಅವರು ಅದನ್ನು ಎರಡೆರಡು ಸಲ ಓದುತ್ತಿದ್ದರು. ಸೈನ್ಯಕ್ಕಾಗಿ ಹಾರಿಸಿದ್ದಾದರೆ ಸುದ್ದಿಯೂ ಮೋಟು. ಭೂವೀಕ್ಷಣೆಯ ಉಪಗ್ರಹ, ಕೃಷಿಗೆ ಮತ್ತು ಅರಣ್ಯಕ್ಕೆ ಉಪಯೋಗ, ಅಷ್ಟೆ. "ಭೂಮಿ ನೋಡಾಕ ಅಂತ ಬರೀತಾರ. ಯಾರ ಭೂಮಿ ಅಂತ ಬರ್ಯಾಂಗಿಲ್ಲ" ಎನ್ನುತ್ತಿದ್ದರು. ಅದರಲ್ಲಿ ಹೆಮ್ಮೆ ಇತ್ತು. ತಮ್ಮ ಹಳೆಯ ಮನೆಯಲ್ಲಿ ಹೊಸ ದೀಪ ಹಾಕಿದ್ದಾರೆಂದು ಕೇಳಿದವರ ಹಾಗೆ.

ಮಳೆಗಾಲದಲ್ಲಿ ಮಾತ್ರ ಅವರು ಬೇರೆ ಮನುಷ್ಯ. ಬೆಳಗಾವಿಯ ಆಕಾಶ ಮುಚ್ಚಿಕೊಂಡಿತೆಂದರೆ ವಾರಗಟ್ಟಲೆ ತೆರೆಯುವುದಿಲ್ಲ. ಆಗ ಪಾಠ ಮುಗಿಸಿ ಸೀದಾ ಮನೆಗೆ ಹೋಗುತ್ತಿದ್ದರು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಮಗಳು ಪುಣೆಯಲ್ಲಿ. ಒಂಟಿತನ ಇರಬೇಕು ಎಂದುಕೊಂಡಿದ್ದೆ.

ಒಂದು ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಖಾನಾಪುರ ತಾಲೂಕಿನ ಹಲಸಿಗೆ ಕರೆದುಕೊಂಡು ಹೋದೆವು. ಚಿತ್ರದಲ್ಲಿ ನೋಡಿದ್ದನ್ನು ನೆಲದ ಮೇಲೆ ನಿಂತು ನೋಡಬೇಕು, ಅದಿಲ್ಲದೆ ಈ ವಿದ್ಯೆ ಪೂರ್ತಿಯಾಗುವುದಿಲ್ಲ ಎಂದು ಅವರ ಹಟ. ಚಿತ್ರದಲ್ಲಿ ಬರೀ ಹಸಿರು ಕಂಡಿದ್ದ ಒಂದು ಕಡೆ ಮರಗಳ ಮರೆಯಲ್ಲಿ ಚಿಕ್ಕದೊಂದು ಕಲ್ಲಿನ ಗುಡಿ ಇತ್ತು. ಹುಡುಗರು ಬೆರಗಾದರು. ಹುಡುಗರ ಊಟವಾದ ಮೇಲೆ ಅವರನ್ನು ಊರ ದೇವಸ್ಥಾನದ ಹತ್ತಿರ ಬಿಟ್ಟು, ಇಲ್ಲೇ ಬಾಜು ಊರಾಗ ನಮ್ಮ ಪೈಕಿಯವರ ಮನಿ ಐತಿ, ಬರ್ರಿ ಎಂದು ನನ್ನನ್ನು ಕರೆದೊಯ್ದರು.

ಅದು ಸುರೇಖಾ ಎಂಬವಳ ಮನೆ. ಗಂಡ ಸೈನ್ಯದಲ್ಲಿದ್ದವನು, ಗಡಿಯಲ್ಲಿ ತೀರಿಹೋದ. ಬಂದ ಪರಿಹಾರದಲ್ಲಿ ಆಕೆ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ಹಾಕಿದ್ದಳು. ಅತ್ತೆ ಇದ್ದರು, ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಕಿವಿ ಮಂದ, ಆಡುವುದು ಮರಾಠಿ, ಬೇಕಾದಾಗ ಕನ್ನಡ. ಮೇಜರ್ ಸಾಹೇಬರನ್ನು ಕಂಡದ್ದೇ ಆ ಮುದುಕಿ ಎದ್ದು ಬಂದು ಅವರ ಗಲ್ಲ ಸವರಿ ಬೆರಳ ನೆಟಿಗೆ ಮುರಿದರು. ಸುರೇಖಾ ಗಿರಣಿ ನಿಲ್ಲಿಸಿ, ಬಿಳಿ ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬಿಪಿ ಗುಳಿಗೆ ತಪ್ಪಿಸಿಲ್ಲ ಹೌದಿಲ್ಲೋ ಎಂದು ಗದರಿಸುವಂತೆ ಕೇಳಿದಳು. ಅವರು ಶಾಲೆಯ ಹುಡುಗನ ಹಾಗೆ ತಲೆ ಆಡಿಸಿದರು. ತಿಂಗಳಿಗೊಮ್ಮೆಯಾದರೂ ಬರುತ್ತಾರಂತೆ, ಬಂದರೆ ಉಣ್ಣದೆ ಹೋಗುವಂತಿಲ್ಲವಂತೆ.

ಸತ್ತವನ ಜೊತೆ ಕೆಲಸ ಮಾಡಿದವರು, ಆ ಪ್ರೀತಿಗೆ ಬರುತ್ತಾರೆ ಎಂದು ನಾನು ತಿಳಿದೆ. ಆ ಮನೆಯವರೂ ಹಾಗೆಯೇ ತಿಳಿದಿದ್ದರು. ಆಯಿ ನನ್ನ ಪಕ್ಕ ಕೂತು, ತನ್ನ ಮಗ ಅಲ್ಲಿ ಆ ಚಳಿಯಲ್ಲೂ ಎಲ್ಲರನ್ನೂ ನಗಿಸುತ್ತಿದ್ದನಂತೆ, ಸಾಹೇಬರೇ ಹೇಳಿದ್ದಾರೆ ಎಂದರು. ಅದನ್ನು ಹೇಳುವಾಗ ಆ ಮುಖದ ಮೇಲೆ ಮೂಡಿದ ಬೆಳಕನ್ನು ನಾನು ಮರೆತಿಲ್ಲ. ಮೇಜರ್ ಸಾಹೇಬರು ಆಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುವರ್ಷ ಮಳೆ ಹಿಡಿದ ದಿನಗಳಲ್ಲಿ ದೇಶದ ಕಾವಲಿಗೆಂದು ಒಂದು ಹೊಸ ಉಪಗ್ರಹ ಹಾರಿತು. ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಪರದೆ ಕಟ್ಟಿ ನೇರಪ್ರಸಾರ ತೋರಿಸಿದೆವು, ಮೇಜರ್ ಸಾಹೇಬರನ್ನೇ ಅತಿಥಿಯಾಗಿ ಕೂರಿಸಿದೆವು. ರಾಕೆಟ್ ಬೆಂಕಿಯ ಮೇಲೆ ಎದ್ದು ಮೋಡ ಸೀಳಿ ಹೋದಾಗ ಸಭಾಂಗಣ ಕೇಕೆ ಚಪ್ಪಾಳೆಯಿಂದ ತುಂಬಿತು. ಅವರೂ ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದು ನಿಂತು ಚೆಂದವಾಗಿ ವಿವರಿಸಿದರು. ಇಷ್ಟು ದಿನದ ಕ್ಯಾಮೆರಾಗಳಿಗೆ ಬೆಳಕು ಬೇಕಿತ್ತು, ಬಯಲಾದ ಆಕಾಶ ಬೇಕಿತ್ತು. ಇದು ರೇಡಾರಿನದು. ತಾನೇ ಅಲೆ ಕಳಿಸಿ, ಅದು ನೆಲಕ್ಕೆ ಬಡಿದು ಮರಳಿದ್ದರಿಂದ ಚಿತ್ರ ಮಾಡಿಕೊಳ್ಳುತ್ತದೆ. ಕತ್ತಲಿರಲಿ, ಮೋಡವಿರಲಿ, ಇದರ ಕಣ್ಣಿಗೆ ಅಡ್ಡಿಯಿಲ್ಲ.

ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು, ಹಂಗಾದ್ರ ಇದು ಇಲ್ಲದಾಗ ಮೋಡ ಬಂದ ದಿವಸ ನೀವು ಏನ ಮಾಡ್ತಿದ್ರಿ ಸರ್ ಎಂದು ಕೇಳಿದಳು.

ಅವರು ಪರದೆಯ ಕಡೆ ತಿರುಗಿದರು. "ಕಾಯಬೇಕಾಗಿತ್ತು" ಎಂದರು.

ಅಷ್ಟು ಹೇಳಿ ವೇದಿಕೆಯಿಂದ ಇಳಿದು ಹೊರಗೆ ಹೋದರು. ಆಗಿನ ಕಾಲದಲ್ಲಿ ಮೋಡ ಸರಿಯುವತನಕ ಕಾಯುವುದೇ ಪದ್ಧತಿ ಎಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಚಹಾಕ್ಕೆ ಕಾದರೂ ಅವರು ತಿರುಗಿ ಬರಲಿಲ್ಲ.

ಮರುದಿನ ಅವರು ರಜೆ ಹಾಕಿದರು. ಆರೋಗ್ಯ ಕೆಟ್ಟಿರಬಹುದೆಂದು ಮಧ್ಯಾಹ್ನ ಹಿಂದವಾಡಿಗೆ ಹೋದೆ. ಆರೋಗ್ಯ ಚೆನ್ನಾಗಿಯೇ ಇತ್ತು. ತಾವೇ ಚಹಾ ಮಾಡಿ ಕೊಟ್ಟು, ಎದುರಿಗೆ ಕೂತು, ನಾನು ಕೇಳದೆಯೇ ಹೇಳಿದರು.

ಜಾಗದ ಹೆಸರು ಹೇಳಲಿಲ್ಲ, ವರ್ಷ ಹೇಳಲಿಲ್ಲ. ಹೇಳಬಾರದೆಂಬ ನಿಯಮ ನಿವೃತ್ತಿಯ ನಂತರವೂ ಅವರನ್ನು ಬಿಟ್ಟಿರಲಿಲ್ಲ. ಉತ್ತರದ ಗಡಿಯಲ್ಲಿ ಒಂದು ಕೊಳ್ಳ. ಅಲ್ಲಿಗೆ ನಮ್ಮವರ ಗಸ್ತಿನ ತಂಡವೊಂದು ಹೋಗಬೇಕಿತ್ತು. ಆಚೆಯವರು ಆ ಕೊಳ್ಳದೊಳಗೆ ಬಂದು ಕೂತಿದ್ದಾರೆಯೇ ಎಂದು ಮೇಲಿನವರು ಇವರನ್ನು ಕೇಳಿದರು. ಅಂದು ಉಪಗ್ರಹ ಕಳಿಸಿದ ಚಿತ್ರದಲ್ಲಿ ಕೊಳ್ಳದ ಬಾಯಿ ಸ್ವಚ್ಛವಾಗಿ ಕಾಣುತ್ತಿತ್ತು, ಒಳಭಾಗದ ಮೇಲೆ ಮೋಡ ಕೂತಿತ್ತು. ಹಿಂದಿನ ವಾರದ ಚಿತ್ರಗಳಲ್ಲಿ ಅಲ್ಲಿ ಯಾರ ಸುಳಿವೂ ಇರಲಿಲ್ಲ. ಮೋಡ ಐತಿ ಎಂದು ಇವರು ಹೇಳಲು ಹೋದಾಗ ಫೋನಿನ ಆ ಕಡೆಯ ಅಧಿಕಾರಿಗೆ ತಾಳ್ಮೆ ಇರಲಿಲ್ಲ.

"ಐತೋ ಇಲ್ಲೋ ಅಷ್ಟ ಹೇಳು ಅಂದ್ರು. ನಾ ಇಲ್ಲ ಅಂದೆ. ಇನ್ನೊಂದ ಮಾತು ಹೇಳಾಕ ಬರ್ತಿತ್ತು. ಹೇಳ್ಲಿಲ್ಲ."

ತಂಡ ಹೋಯಿತು. ಕೊಳ್ಳದ ಒಳಗೆ ಆಚೆಯವರಿದ್ದರು. ನಮ್ಮವರಲ್ಲಿ ಇಬ್ಬರು ಬಿದ್ದರು. ಆಮೇಲೆ ಬಂದ ಸಂದೇಶದಲ್ಲಿ ಒಬ್ಬನ ವಿಳಾಸವನ್ನು ಮೇಜರ್ ಸಾಹೇಬರು ಓದಿದರು. ತಾಲೂಕು ಖಾನಾಪುರ ಎಂದಿತ್ತು. ಅವರ ಸ್ವಂತ ತಾಲೂಕು. ಆ ಹುಡುಗನನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

"ಯಾರೂ ನನ್ನ ಕೇಳ್ಲಿಲ್ರಿ ಬಾಯಾರ. ಬೈದಿದ್ರ ಛಲೋ ಆಗ್ತಿತ್ತು. ಹವಾಮಾನ ಸರಿ ಇರಲಿಲ್ಲ ಅಂತ ಬರದು ಮುಗಿಸಿಬಿಟ್ರು. ಮುಂದ ನನಗ ಬಡ್ತಿನೂ ಬಂತು."

ನಿವೃತ್ತರಾಗಿ ಊರ ಕಡೆ ಬಂದವರು ಮೊದಲು ಆ ಹುಡುಗನ ಮನೆ ಹುಡುಕಿದರು. ಅದೇ ಸುರೇಖಾಳ ಮನೆ. ಹೇಳಿ ಕಾಲಿಗೆ ಬಿದ್ದು ಬರಬೇಕೆಂದೇ ಹೋಗಿದ್ದರು. ನಾನೂ ಆ ಕಡೆಗೇ ಇದ್ದೆ ಎಂದು ಮಾತು ಶುರುಮಾಡುವಷ್ಟರಲ್ಲಿ ಆಯಿ ಎರಡೂ ಕೈ ಹಿಡಿದುಕೊಂಡು, ನನ್ನ ಮಗ ಅಲ್ಲಿ ಹೇಗಿದ್ದ ಎಂದು ಕೇಳಿದರು. ಬಾಯಿಗೆ ಬಂದದ್ದನ್ನು ಇವರು ಹೇಳಿದರು. ಎಲ್ಲರನ್ನೂ ನಗಿಸುತ್ತಿದ್ದ. ಆ ಮಾತು ಹೊರಬಿದ್ದ ಮೇಲೆ ಉಳಿದದ್ದು ಹೇಳಲು ಆಗಲಿಲ್ಲ. ಮತ್ತೊಂದು ದಿನ ಹೇಳೋಣ ಎಂದು ಹೋದರು, ಆ ದಿನ ಊಟಕ್ಕೆ ಬಡಿಸಿದರು. ಮೊದಲನೆಯ ತಪ್ಪನ್ನು ನನ್ನ ಮುಖ ನೋಡಿ ಹೇಳಿದವರು ಈ ಸುಳ್ಳಿನ ವಿಷಯವನ್ನು ಚಹಾದ ಕಪ್ಪು ನೋಡುತ್ತ ಹೇಳಿದರು. ನೋಡದೇ ಇದ್ದದ್ದನ್ನು ಎರಡು ಸಲ ಹೇಳೇನಿ, ಎರಡೂ ಅದೇ ಮನಿಗೆ ಹೋಗಿ ಮುಟ್ಟಿದುವು ಎಂದರು.

ಇಲ್ಲಿಯತನಕ ಬರೆದದ್ದು ಅವರ ಚಿತ್ರ. ಮುಂದಿನದರಲ್ಲಿ ನಾನೂ ಇದ್ದೇನೆ.

ಕೈಯಲ್ಲಿ ಅವರೇ ಕೊಟ್ಟ ಚಹಾದ ಕಪ್ಪು ಹಿಡಿದುಕೊಂಡು ನಾನು ಸಲೀಸಾಗಿ, ಹೇಳಿಬಿಡ್ರಿ ಎಂದೆ. ಆಕೆಗೆ ಗೊತ್ತಾಗಬೇಕು, ಗೊತ್ತಾಗುವುದು ಆಕೆಯ ಹಕ್ಕು ಎಂದೆ. ಅವರು, "ಹೇಳಿದ್ರ ಆಕಿಗೆ ಏನ ಸಿಗತೈತಿ?" ಎಂದರು.

"ಖರೇ ಸಿಗತೈತಿ" ಎಂದೆ.

ನನ್ನ ಮಾತು ನನಗೇ ಇಷ್ಟವಾಯಿತು. ಆ ಮನೆಯಲ್ಲಿ ನಾನು ಒಂದೇ ಒಂದು ದಿನ ಕೂತಿದ್ದವಳು. ಹಿಟ್ಟಿನ ಕೈ ಒರೆಸಿಕೊಂಡು ಗುಳಿಗೆಯ ವಿಚಾರ ಕೇಳುವವರು ಈ ಜಗತ್ತಿನಲ್ಲಿ ಅವರಿಗೆ ಎಷ್ಟು ಜನ ಇದ್ದರು, ಬಂದ ಅತಿಥಿಗಾಗಿ ಗಿರಣಿ ನಿಲ್ಲಿಸುವ ಸುಖ ಸುರೇಖಾಳಿಗೆ ಎಷ್ಟು ದಿನಕ್ಕೊಮ್ಮೆ ಸಿಗುತ್ತಿತ್ತು, ಇದನ್ನೆಲ್ಲ ನಾನು ಯೋಚಿಸಲಿಲ್ಲ.

ಮುಂದಿನ ವಾರ ನನ್ನ ಕಾರಿನಲ್ಲಿಯೇ ಹೋದೆವು. ಮಳೆ ಸುರಿಯುತ್ತಿತ್ತು. ಊರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತ್ತು, ಬೀಸಿಸಲು ಬಂದವರೆಲ್ಲ ಚೀಲ ಇಟ್ಟು ಮನೆಗೆ ಹೋಗಿದ್ದರು. ಆಯಿ ಕಟ್ಟೆಯ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಅವರ ಪಕ್ಕ ಕೂತೆ. ಗಿರಣಿಯ ಬಾಗಿಲು ತೆರೆದೇ ಇತ್ತು, ಒಳಗಿನ ಮಾತು ನನಗೆ ಕೇಳುತ್ತಿತ್ತು, ಆಯಿಗೆ ಕೇಳುತ್ತಿರಲಿಲ್ಲ.

ಗಿರಣಿಯೊಳಗೆ ಮೇಜರ್ ಸಾಹೇಬರು ಸುರೇಖಾಳಿಗೆ ಸುತ್ತುಬಳಸದೆ ಹೇಳಿದರು. ಎಲ್ಲ ಮುಗಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದಳು.

"ಆಯಿಗೆ ಹೇಳಿದ್ರಲ್ಲ, ಎಲ್ಲಾರ್ನೂ ನಗಸ್ತಿದ್ದ ಅಂತ. ಅದು?"

"ನಾ ಅವನ್ನ ಒಮ್ಮೆನೂ ಕಂಡಿಲ್ಲ ಯವ್ವಾ."

ಆಮೇಲೆ ಆಕೆಯ ಧ್ವನಿ ಬಂತು. ಏರಿದ ಧ್ವನಿಯಲ್ಲ.

"ಇಷ್ಟ ವರ್ಷ ನಮ್ಮ ಮನ್ಯಾಗ ಉಂಡ್ರಿ."

ಅಷ್ಟು ಹೇಳಿ ಒಳಮನೆಗೆ ಹೋದಳು. ಮೇಜರ್ ಸಾಹೇಬರು ಗಿರಣಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ಬಂದರು. ಆಯಿ ಉಂಡು ಹೋಗಲು ಮರಾಠಿಯಲ್ಲಿ ಒತ್ತಾಯ ಮಾಡುತ್ತಿದ್ದರು. ಇವರು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಕಾರಿನಲ್ಲಿ ಕೂತರು. ಖಾನಾಪುರ ದಾಟಿದ ಮೇಲೆ, ಹುಡುಗರ ಪರೀಕ್ಷಾ ಯಾವಾಗ್ರಿ ಎಂದು ಕೇಳಿದರು. ನಾನು ಹೇಳಿದೆ. ಪೋರ್ಶನ್ ಮುಗಿಸಬೇಕು ಎಂದರು.

ಮುಗಿಸಿದರು. ಒಂದು ದಿನವೂ ರಜೆ ಹಾಕಲಿಲ್ಲ. ಆದರೆ ವಿದ್ಯಾರ್ಥಿಗಳು 'ಇಲ್ಲ' ಎಂದು ಬರೆದರೆ ಈಗ ಅದನ್ನು ಹೊಡೆಯುತ್ತಿರಲಿಲ್ಲ. ಸರ್ ಮೆತ್ತಗಾಗ್ಯಾರ ಎಂದು ಹುಡುಗರು ಖುಷಿಪಟ್ಟರು. ಖಾನಾಪುರದ ಕಡೆ ಅವರು ಮತ್ತೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಬೇಕು, ಆಕೆ ಬಾಗಿಲು ಹಾಕಿಬಿಟ್ಟಿದ್ದಾಳೆ ಎಂದರು. ಒಂದೆರಡು ಸಲ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ಆಕಿ ಕಡೆಯಿಂದ ಏನರ ಸುದ್ದಿ ಬಂತೇನ್ರಿ ಎಂದು ಕೇಳಿದರು. ನಾನು ಹೋಗಿ ಬರಬಹುದಿತ್ತು. ಬೆಳಗಾವಿಯಿಂದ ಖಾನಾಪುರ ಎಷ್ಟು ದೂರ? ಆದರೆ ಆ ಮನೆಗೆ ಬೆಂಕಿ ಹಚ್ಚಿ ಬಂದವಳಿಗೆ ಬೂದಿ ನೋಡಲು ಧೈರ್ಯ ಇರಲಿಲ್ಲ. ಸ್ವಲ್ಪ ದಿನ ಹೋಗಲಿ ಸರ್, ಆಕೆಗೂ ಸಮಯ ಬೇಕು ಎಂದೆ. ಅದೂ ಸಲೀಸಾದ ಮಾತೇ. ಬರುಬರುತ್ತ ಅವರು ಎದುರಾಗುವ ಹೊತ್ತನ್ನು ತಪ್ಪಿಸಿ ಸ್ಟಾಫ್ ರೂಮಿಗೆ ಹೋಗತೊಡಗಿದೆ.

ಮುಂದಿನ ವರ್ಷ ಮಳೆಗಾಲದ ಆರಂಭದಲ್ಲಿ ಒಂದು ಬೆಳಿಗ್ಗೆ ಅವರು ಹಾಲಿನವನಿಗೆ ಬಾಗಿಲು ತೆರೆಯಲಿಲ್ಲ. ಹೃದಯ ನಿಂತಿತ್ತು. ಪುಣೆಯಿಂದ ಮಗಳು ಬಂದಳು. ಸೈನ್ಯದಿಂದ ಬಂದವರು ಹೂಚಕ್ರ ಇಟ್ಟು, ಒಳ್ಳೆಯ ಮಾತಾಡಿದರು. ಒಂದು ಸಲವೂ ತಪ್ಪದ ಕಣ್ಣು ಅವರದು ಎಂದು ಒಬ್ಬರು ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಕ್ರಿಯಾಕರ್ಮ ಮುಗಿದ ಮೇಲೆ ಸುರೇಖಾಳ ಊರಿಗೆ ಹೋದೆ. ತಿಳಿಸುವವರು ಬೇರೆ ಯಾರೂ ಇರಲಿಲ್ಲ.

ಗಿರಣಿ ನಡೆಯುತ್ತಿತ್ತು. ನನ್ನನ್ನು ನೋಡಿದ ಸುರೇಖಾ ಹಾಕಿದ್ದ ಜೋಳ ಮುಗಿಯುವತನಕ ಕೈ ಬಿಡಲಿಲ್ಲ. ಆಮೇಲೆ ಯಂತ್ರ ನಿಲ್ಲಿಸಿದಳು. ನಾನು ಹೇಳಿದೆ. ಆಕೆ ಹಿಟ್ಟಿನ ಡಬ್ಬದ ಅಂಚು ಹಿಡಿದುಕೊಂಡು ನಿಂತಳು. ಕೊನೆಯ ಹೊತ್ತಿಗೆ ಯಾರಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ ಎಂದೆ.

"ಇಷ್ಟ ವರ್ಷ ನನಗ ಯಾರ ಮ್ಯಾಲೂ ಸಿಟ್ಟ ಇರಲಿಲ್ರಿ" ಎಂದಳು. "ಗುಡ್ಡ, ಚಳಿ, ದೇವರು ಅಂತ ಸುಮ್ಮನಿದ್ದೆ. ನೀವಿಬ್ರೂ ಬಂದು ಒಬ್ಬ ಮನಶಾನ್ನ ತೋರ್ಸಿ ಹೋದ್ರಿ. ದಿನಾ ಬೈದೆ. ಗಿರಣಿ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲ. ಬೈದು ಬೈದು ಸಾಕಾತು. ಈ ಸಲ ಬಂದ್ರ ಒಳಗ ಕರೀಬೇಕು ಅಂತ ಮಾಡಿದ್ದೆ. ಬರ್ಲೇ ಇಲ್ಲ."

ನೀವು ಬಾಗಿಲು ಹಾಕಿದ್ದೀರಿ ಎಂದು ಅವರು ತಿಳಿದುಕೊಂಡಿದ್ದರು ಎಂದೆ.

"ನಾ ಬರಬ್ಯಾಡ ಅಂದಿರ್ಲಿಲ್ರಿ. ಉಂಡ್ರಿ ಅಂದೆ, ಅಷ್ಟ. ನೀವರ ಒಮ್ಮೆ ಬಂದು ಕೇಳಬೇಕಾಗಿತ್ತು."

ಬರಬೇಕಾಗಿತ್ತು ಎಂದೆ.

ಆಗ ಆಯಿ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದರು. ಹಿಂದಿನ ಸಲಕ್ಕಿಂತ ಬಹಳ ಇಳಿದಿದ್ದರು. ನನ್ನ ಗುರುತು ಹತ್ತಿತು. ನನ್ನ ಹಿಂದೆ, ಬಾಗಿಲಾಚೆ ಕಾರಿನ ಕಡೆ ನೋಡಿದರು. ಸಾಹೇಬ ಬಂದಿಲ್ಲವೇ ಎಂದು ಸೊಸೆಯನ್ನು ಕೇಳಿದರು. ಸುರೇಖಾ ಮುದುಕಿಯ ಕಿವಿಯ ಹತ್ತಿರ ಬಾಗಿ, ಮಗಳ ಮನೆಗೆ ಪುಣೆಗೆ ಹೋಗಿದ್ದಾರೆ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿ, ನನ್ನ ಮುಖ ನೋಡಿದಳು.

ಆಯಿ ನನ್ನ ಕಡೆ ತಿರುಗಿದರು. "ಯಾವಾಗ ಬರ್ತಾನಂತ?"

ಅವರ ಕೈ ಹಿಡಿದುಕೊಂಡು, ಮಳಿ ನಿಂತ ಮ್ಯಾಲ ಬರ್ತಾರಂತ್ರಿ ಆಯಿ, ಎಂದೆ.